ಗಿಟಾರನ್ನು ಮಾರಕೂಡದು

ತಮ್ಮಾ,

ಮೆಟ್ಟಿಲ ಬಳಿ ನೀನು ಅಂಟಿಸಿದ್ದ ‘ರೆಸೊನೇಟರ್ ಗಿಟಾರ್ ಮಾರಾಟಕ್ಕಿದೆ’ ಎಂಬ ಕಾಗದವನ್ನು ಕಿತ್ತವಳು ನಾನೇ. ಕೊಳ್ಳಲು ಯಾರಾದರೂ ಬಂದರೆ ಇಲ್ಲವೆಂದು ಹೇಳಿ ಕಳುಹಿಸು. “ನನ್ನ ಕೈಗೆ ಸಂಗೀತ ಹತ್ತಲ್ಲ ಕಣಕ್ಕಾ” ಎಂದು ಮೊನ್ನೆ ನೀನು ಮುಖ ಸಣ್ಣದು ಮಾಡಿಕೊಂಡು ಹೇಳಿದ್ದನ್ನು ನಾನು ಒಪ್ಪುವುದಿಲ್ಲ. ತಪ್ಪು ನಿನ್ನದಲ್ಲ, ನೀನು ಫೋನಿನಲ್ಲಿ ನೋಡಿ ಕಲಿಯುವ ಆ ವಿಡಿಯೊ ಪಾಠಗಳದು. ಕಲಿಯುವವನ ಕೈಯನ್ನೇ ಕಾಣದವರು ಗುರು ಎನಿಸಿಕೊಳ್ಳುವುದು ಯಾವ ನ್ಯಾಯ?

ನಿನ್ನೆ ಶಾಲೆ ಬಿಟ್ಟ ಮೇಲೆ ಇಬ್ಬರು ಗಿಟಾರ್ ಶಿಕ್ಷಕರನ್ನು ಕಂಡುಬಂದೆ. ಮೊದಲನೆಯವರು, “ಒಂದೇ ತಿಂಗಳಲ್ಲಿ ಸ್ಟೇಜ್ ಹತ್ತಿಸ್ತೀನಿ ಮೇಡಂ” ಎಂದರು. ಕುರ್ಚಿ ಬಿಸಿಯಾಗುವ ಮುನ್ನವೇ ಎದ್ದುಬಂದೆ. ಚಪ್ಪಲಿ ಅಂಗಡಿಯ ಮಹಡಿಯಲ್ಲಿ ಕಲಿಸುವ ಹೆಂಗಸು ಮಾತ್ರ, “ನಿಮ್ಮ ತಮ್ಮ ಗಿಟಾರನ್ನ ತೊಡೆ ಮೇಲೆ ಮಲಗಿಸಿ, ಜಾರಿಸೋ ಸ್ಟೀಲ್ ತುಂಡನ್ನ ತಂತಿ ಮೇಲೆ ಹೇಗಿಡ್ತಾರೆ?” ಎಂದು ಕೇಳಿದರು. ಮಕ್ಕಳ ಪುಸ್ತಕ ತಿದ್ದುವ ನನ್ನ ಕೆಂಪು ಪೆನ್ನನ್ನು ಅವರ ಗಿಟಾರಿನ ಮೇಲಿಟ್ಟು, ನೀನು ಹಲ್ಲು ಕಚ್ಚಿ ಒತ್ತುವಂತೆಯೇ ಒತ್ತಿ ತೋರಿಸಿದೆ.

“ಅಯ್ಯೋ, ಅಷ್ಟು ಅದುಮಿದ್ರೆ ಅದು ಕಿರುಚದೆ ಹಾಡುತ್ತಾ? ಸುಮ್ನೆ ತಾಗಿಸಿ ಜಾರಿಸ್ಬೇಕು. ಕಳಿಸಿ, ಸರಿಹೋಗುತ್ತೆ” ಎಂದು ನಕ್ಕರು.

ಇಂದು ಸಂಜೆ ಐದಕ್ಕೆ ಅವರ ಬಳಿ ನಿನ್ನ ಮೊದಲ ಪಾಠ. ಊಟ ಮುಚ್ಚಿಟ್ಟಿದ್ದೇನೆ. ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೋಗು. ತಡವಾಗಿ ಹೋಗಿ ನನ್ನ ಮಾನ ಕಳೆಯಬೇಡ.

ಕೋಣೆಯ ಬಾಗಿಲು ಹಾಕಿಕೊಂಡು ನುಡಿಸುವ ನಿನ್ನ ಕೈಯ ವರಸೆ ಅಕ್ಕನಿಗೆ ಹೇಗೆ ಗೊತ್ತಾಯಿತು ಎಂದು ಕೇಳಬೇಡ. ಆ ಬಾಗಿಲ ಚಿಲಕ ಸರಿಯಾಗಿ ಕೂರುವುದಿಲ್ಲ. ಅದನ್ನು ರಿಪೇರಿ ಮಾಡಿಸುವ ಅಗತ್ಯವೂ ಇಲ್ಲ.

ಅಕ್ಕ