ಹದಿನೇಳನೇ ಹೆಣ್ಣು ಮತ್ತು ನನ್ನ ಬಾಚಣಿಗೆ

ಚಿಮ್ಮಂಡೆ ಹುಳಗಳ ಸಂಬಂಧ ಕುದುರಿಸುವ ಮಹಾಸಂಸ್ಥಾನದ ಒಡತಿ, ನನ್ನ ಅಕ್ಕನ ಸನ್ನಿಧಿಗೆ,

ಪರೀಕ್ಷಕರ ಕೋಣೆಗೆ ಕಾಲಿಡುವ ಮೊದಲೇ ಇದನ್ನು ಓದತಕ್ಕದ್ದು. ಬೆಂಚಿನ ಆ ತುದಿಯಲ್ಲಿ ನೀನು ಉಗುರು ಕಚ್ಚುತ್ತಿದ್ದೀಯ. ಈ ತುದಿಯಲ್ಲಿ ನಾನು ನಿನ್ನ ಪಿಎಚ್.ಡಿ. ಪ್ರಬಂಧದ ರಟ್ಟಿನ ಮೇಲೆಯೇ ಕಾಗದವಿಟ್ಟು ಬರೆಯುತ್ತಿದ್ದೇನೆ. ಬಾಯಲ್ಲಿ ಹೇಳಲು ಎರಡು ಸಲ ನೋಡಿದೆ. "ಸುಮ್ನಿರೋ ಕಪಿ, ಈಗ ತಮಾಷೆ ಬೇಡ" ಎಂದು ನೀನು ಗದರಿದೆ. ಹನ್ನೊಂದಕ್ಕೆ ಕರೆಯುತ್ತಾರೆ. ಇನ್ನು ಹದಿನಾಲ್ಕು ನಿಮಿಷ.

ನಿನ್ನ ಎರಡು ಜಾತಿಯ ಚಿಮ್ಮಂಡೆಗಳು ಬಣ್ಣ, ಮೀಸೆ, ಕಾಲು ಎಲ್ಲದರಲ್ಲೂ ಪಡಿಯಚ್ಚು. ಗಂಡು ರೆಕ್ಕೆ ತಿಕ್ಕಿ ಹಾಡಿದಾಗಲೇ ಗುಟ್ಟು ರಟ್ಟು: ಒಂದು ಜಾತಿಯವನು ಮೂರು ಸಲ ಚಿರ್ರೆಂದು ನಿಲ್ಲಿಸುತ್ತಾನೆ, ಅವನ ದಾಯಾದಿ ಐದು ಸಲ. ಮೂರರ ಹೆಣ್ಣು ಐದರವನತ್ತ ಮೀಸೆಯನ್ನೂ ತಿರುಗಿಸಳು. "ನೀನು ಊರನ್ನೆಲ್ಲ ಏಮಾರಿಸ್ಬಹುದು, ನನ್ನ ಹೆಣ್ಣುಗಳನ್ನಲ್ಲ" ಎಂದು ಸವಾಲು ಹಾಕಿದವಳು ನೀನೇ. ಎಂಟು ದಿನ ನಾನು ಬಾಚಣಿಗೆಯ ಹಲ್ಲಿನ ಮೇಲೆ ಉಗುರೆಳೆದು ಸಂಗೀತಾಭ್ಯಾಸ ಮಾಡಿದೆ.

ಅಂದು ಊಟದ ಡಬ್ಬಿ ತಂದವನು, ನೀನು ಕೈ ತೊಳೆಯಲು ಹೋದಾಗ, ಸದ್ದು ಹೊರಗೆ ಬಾರದ ಆ ಗಾಜಿನ ಕೋಣೆಗೆ ನುಸುಳಿ ಸ್ಪೀಕರಿನ ಮೇಜಿನಡಿ ಅಡಗಿದೆ. ನೀನು ಹೊರಗಿನಿಂದ ಗುಂಡಿ ಒತ್ತಿ ಐದರ ಹಾಡು ಹಾಕಿದೆ. ಮೂರರ ಜಾತಿಯ ಹದಿನೇಳನೇ ಹೆಣ್ಣು ಕಲ್ಲಿನಂತೆ ಕೂತಿದ್ದಳು. ನಾನು ಬಾಚಣಿಗೆಯಲ್ಲಿ ಮೂರು ಸಲ ಎಳೆದೆ. ಮತ್ತೆ ಮೂರು. ಅವಳು ಮೀಸೆ ಎತ್ತಿ ನೇರ ನನ್ನತ್ತ ನಡೆದು ಬಂದಳು. ಗಾಜಿನಾಚೆಯ ನಿನಗೆ ಅವಳು ಐದರ ಹಾಡಿನ ಸ್ಪೀಕರಿಗೇ ಹೋದಂತೆ ಕಂಡಿತು.

ನೀನು ನಿನ್ನ ಗುರುಗಳ ಬಳಿಗೆ ಓಡಿದೆ, ನಾನು ಹೊರಗೆ ತೆವಳಿದೆ. ನಗಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ನೀನು ಹಿಂದಿರುಗಿ ನನ್ನನ್ನು ತಬ್ಬಿಕೊಂಡೆ. "ಜಾತಿ ದಾಟ್ಬಿಟ್ಳು ಕಣೋ! ಮೂರು ವರ್ಷಕ್ಕೆ ಒಬ್ಳಾದ್ರೂ ದಾಟಿದ್ಳು!" ನೀನು ಅಳುತ್ತಿದ್ದೆ. ಜೇಬಿನ ಬಾಚಣಿಗೆ ಚುಚ್ಚುತ್ತಿತ್ತು. ಆಮೇಲೆ ಹೇಳೋಣ ಎಂದುಕೊಂಡೆ. ಆಮೇಲೆ ಎಂಬುದಕ್ಕೆ ನಾಲ್ಕು ತಿಂಗಳಾಯಿತು, ಅವಳ ಮೇಲೆ ನಿನ್ನ ಕೊನೆಯ ಅಧ್ಯಾಯವೂ ಆಯಿತು. "ಒಂದು ಹುಳ ನಂಬ್ಕೊಂಡು ಅಧ್ಯಾಯ ಬರೀತೀಯೇನಮ್ಮ?" ಎಂದ ಗುರುಗಳಿಗೆ, "ಕಣ್ಣಾರೆ ನೋಡಿದೀನಿ ಸರ್" ಎಂದು ನೀನು ಹೇಳುವಾಗ ನಾನು ಬಾಗಿಲಲ್ಲೇ ನಿಂತಿದ್ದೆ.

ಅವಳು ದಾಟಲಿಲ್ಲ, ಅಕ್ಕ. ತನ್ನವನ ಹಾಡಿಗೇ ಬಂದಳು. ಬಂದಲ್ಲಿ ಸಿಕ್ಕಿದ ವರ ನಾನು. ಕೊನೆಯ ಅಧ್ಯಾಯ ಕೈಬಿಡುತ್ತೇನೆ ಎಂದು ನೀನೇ ಮೊದಲು ಹೇಳಿಬಿಡು. ಹೆಣ್ಣು ಜಾತಿ ದಾಟಳು ಎಂಬುದಕ್ಕೆ ಉಳಿದ ಮೂವತ್ತೊಂಬತ್ತು ಹೆಣ್ಣುಗಳ ಸಾಕ್ಷಿ ಅಲುಗದೆ ನಿಂತಿದೆ. ಪರೀಕ್ಷಕರು ಏಕೆಂದು ಕೇಳಿದರೆ ನನ್ನನ್ನು ಕರೆ. ಬಾಚಣಿಗೆ ಈ ಕಾಗದದ ಮಡಿಕೆಯಲ್ಲಿದೆ, ಉಗುರು ನನ್ನಲ್ಲಿದೆ. ಅವರೆದುರೇ ಎಳೆದು ತೋರಿಸುತ್ತೇನೆ.

ಒಳಗೆ ಕುರ್ಚಿ ಸರಿದ ಸದ್ದಾಯಿತು. ಕಿವಿ ಹಿಂಡುವುದಾದರೆ ಎಡಗಿವಿ ಹಿಂಡು. ಬಲಗಿವಿಯನ್ನು ಬಾಗಿಲಿಗೆ ಹಚ್ಚಿ ನಿನ್ನ ದನಿ ಕೇಳುತ್ತಿರುತ್ತೇನೆ.

ಇನ್ನಾದರೂ ಯಾವ ಬಾಚಣಿಗೆಯೂ ನಿನ್ನನ್ನು ಮರುಳು ಮಾಡದಿರಲಿ.

ಬೆಂಚಿನ ಈ ತುದಿಯಿಂದ,
ತಪ್ಪೊಪ್ಪಿಕೊಂಡ ನಿನ್ನ ಕಪಿ