ಮೂಗರ್ಜಿಯ ಜವಾಬು

ಶೆಟ್ಟಿಕೆರೆ
12-3-1981

ಗೆಳೆಯ ಗಂಗಾಧರ,

ನಿನಗೆ ಜೈಲು ಶಿಕ್ಷೆಯಾಗಿದೆ ಎಂದು ವಿಮಾನ ತರಬೇತಿ ಶಾಲೆಗೆ ಸುಳ್ಳು ಮೂಗರ್ಜಿ ಬರೆದವನು ನಾನು.

ಕೊಬ್ಬರಿ ಮಂಡಿಯ ಮೋಸದ ತಕ್ಕಡಿಯನ್ನು ಇಬ್ಬರೂ ಸೇರಿಯೇ ಮುರಿದೆವು. ಕೋರ್ಟಿನಲ್ಲಿ ನಾನು, "ಹೌದು, ಮುರಿದೆ. ಇನ್ನೂ ಮುರೀತೀನಿ" ಎಂದೆ. ನೀನು, "ನಾನು ಕಾಯಿ ಮಾರಾಕೆ ಬಂದಿದ್ದೆ ಸ್ವಾಮಿ" ಎಂದೆ. ನಿನ್ನನ್ನು ಬಿಟ್ಟರು, ನನಗೆ ಮೂರು ತಿಂಗಳ ಜೈಲಾಯಿತು. ಆ ಶಿಕ್ಷೆಯ ಕಾರಣಕ್ಕೆ ಶಾಲೆ ನನ್ನ ಅರ್ಜಿ ವಾಪಸು ಕಳಿಸಿ, ನಿನ್ನನ್ನು ಸೇರಿಸಿಕೊಂಡಿತು. ಪೈಲಟ್ ಆಗುವ ಹುಚ್ಚು ಮೊದಲು ಹಿಡಿದಿದ್ದು ನನಗೆ. ನೀನು ಪುಕ್ಕಲ ಎಂದು ಈಗಲೂ ಹೇಳುತ್ತೇನೆ. ಆದರೆ ಆ ಮೂಗರ್ಜಿ ಬರೆಸಿದ್ದು ನಾನು ಸಂತೆಯಲ್ಲಿ ಹಂಚುವ ಕರಪತ್ರಗಳ ನ್ಯಾಯವಲ್ಲ, ಹೊಟ್ಟೆಕಿಚ್ಚು.

ನಿನ್ನೆ ನಿಮ್ಮವ್ವ ಆ ಮೂಗರ್ಜಿಯ ಮೇಲೆ ಬಂದ ಪೊಲೀಸರ ವಿಚಾರಣೆಯ ಕಾಗದ ಹಿಡಿದು ನನ್ನ ಬಳಿಯೇ ಬಂದರು. "ಯಾವ ಹಾಳಾದೋನು ಬರ್ದವ್ನೋ ಕಣಪ್ಪ, ನೀನೇ ಒಂದು ಜವಾಬು ಬರ್ಕೊಡು" ಎಂದರು. ಪೆನ್ನು ಹಿಡಿದು ಕೂತೆ. ಒಂದಕ್ಷರವೂ ಮೂಡಲಿಲ್ಲ.

ತೀರ್ಪಿನ ನಕಲು ನನ್ನ ಬಳಿಯೇ ಇದೆ. ಮೂಗರ್ಜಿ ಬರೆದವನು ನಾನೇ, ಶಿಕ್ಷೆಯಾಗಿದ್ದು ನನಗೊಬ್ಬನಿಗೇ ಎಂದು ಬರೆದು, ರುಜು ಹಾಕಿ ಪೊಲೀಸರಿಗೆ ಕೊಡುತ್ತೇನೆ. ನೀನು ಎದುರಿಗೇ ನಿಂತಿರಬೇಕು; ಒಬ್ಬನೇ ಹೋದರೆ ಬಾಗಿಲಿನಿಂದಲೇ ಹಿಂತಿರುಗಿಬಿಟ್ಟೇನು.

ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಚಿಕ್ಕನಾಯಕನಹಳ್ಳಿ ಠಾಣೆಯ ಮುಂದೆ ಸಿಗು.

ಇಂತಿ,
ಕಾಡಸಿದ್ದಪ್ಪ