ಕೇಳುವ ಕಾಲಿನಡಿಯ ಚಂದ್ರ

ಓಕಾವಚಿ ಬೆಟ್ಟ
ಶೋವಾ ೫೮ (೧೯೮೩), ನವೆಂಬರ್ ೬

ಪ್ರೀತಿಯ ಯಾಸುಮೊರಿ ಅಣ್ಣನಿಗೆ ತಂಗಿ ಶಿಗೆನೊಳ ನಮಸ್ಕಾರಗಳು.

ನಿನ್ನ ಹೊಟ್ಟೆಹುಣ್ಣು ಈಗ ಹೇಗಿದೆ? ಹೋದ ತಿಂಗಳು ಅಪ್ಪನ ವರ್ಷದ ಪೂಜೆಗೆ ಬಂದವನು ಬರೀ ಗಂಜಿ ಕುಡಿದು ಎದ್ದೆಯಲ್ಲ, ಅದು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಇದ್ದದ್ದೇ ಅರ್ಧ ದಿನ, ಅದರಲ್ಲೂ ಎರಡು ಗಂಟೆ ಪತ್ರಿಕೆಯವರ ಫೋಟೊಗೆ ನಿಂತೆ. ಉಪ್ಪಿನಕಾಯಿ ಮುಟ್ಟಬೇಡ. ಫುಮಿ ಅತ್ತಿಗೆ ಹೇಳಿದರೆ ಕೇಳುವುದಿಲ್ಲವೆಂದು ಗೊತ್ತು, ನೀನು ಯಾರು ಹೇಳಿದ್ದನ್ನು ತಾನೇ ಕೇಳಿದ್ದೀಯ? ಸೂರಿನಡಿ ಕಾಕಿ ಹಣ್ಣು ಒಣಗಲು ಕಟ್ಟಿದ್ದೇನೆ. ಕೋತಿಗಳ ಪಾಲು ಹೋಗಿ ಉಳಿದದ್ದನ್ನು ಅತ್ತಿಗೆಗೆ ಕಳಿಸುತ್ತೇನೆ. ನನಗೆ ಸೊಂಟನೋವು ಬಿಟ್ಟರೆ ಬೇರೇನಿಲ್ಲ. ತಿಗರಿಯ ಮುಂದೆ ಕೂರುವವರಿಗೆಲ್ಲ ಬರುವ ನೋವು ಅದು. ನನಗೆ ಯಾಕೆ ಬಂತೆಂದು ನೀನು ಒಂದು ದಿನವೂ ಕೇಳಲಿಲ್ಲ.

ನಿನ್ನ ಪತ್ರ ಗುರುವಾರ ತಲುಪಿತು. ಬರುವ ವಸಂತಕ್ಕೆ ನೀನು ಮನೆತನದ ಯಜಮಾನನಿಗೆ ಬರುವ ಅಪ್ಪನ ಹೆಸರು ಹೊತ್ತು ಒಂಬತ್ತನೆಯ ಸುಯಿಗನ್ ಆಗುತ್ತೀಯಂತೆ. ಟೋಕಿಯೊದಲ್ಲಿ ಪ್ರದರ್ಶನ, ದೊಡ್ಡ ದೊಡ್ಡವರೆಲ್ಲ ಬರುತ್ತಾರಂತೆ. ಅಷ್ಟರೊಳಗೆ ನಾನು ಹಸಿರು ಲೇಪದ ಹನ್ನೆರಡು ಧೂಪದ ಬಟ್ಟಲು ಮಾಡಿಕೊಡಬೇಕು, ಪೆಟ್ಟಿಗೆಗಳ ಮೇಲೆ ನೀನು ಹೆಸರು ಬರೆದುಕೊಳ್ಳುತ್ತೀಯ. ಕೊನೆಯಲ್ಲಿ, ಎದುರಿಗೆ ನಿಂತು ಹೇಳಿದ ಹಾಗೆ ಬರೆದಿದ್ದೀಯ: "ಅಪ್ಪನ ಪಕ್ಕದಲ್ಲೇ ಇದ್ದೋಳು ನೀನು, ನಕಲು ಮಾಡೋದೇನು ಕಷ್ಟ ಅಲ್ಲ. ಚಂದ್ರನ್ನ ಮಾತ್ರ ಮರೀಬೇಡ, ಅಪ್ಪ ಒತ್ತಿದ ಹಾಗೇ ಇರ್ಲಿ." ಇದನ್ನು ಓದಿ ನಾನು ಒಬ್ಬಳೇ ಗಟ್ಟಿಯಾಗಿ ನಕ್ಕೆ. ಪಕ್ಕದ ಮನೆಯವರು ಏನಾಯಿತೆಂದು ಇಣುಕಿ ನೋಡಿದರು.

ಆ ಚಂದ್ರನ ಕಥೆಯನ್ನು ಹೇಳಲೇಬೇಕು. ನೀನು ಹದಿನಾಲ್ಕರ ಹುಡುಗ, ನಾನು ಹನ್ನೊಂದರವಳು. ಆವಿಗೆಗೆ ಬೆಂಕಿ ಹಚ್ಚುವ ದಿನ ನಾನು ನಿನ್ನ ಹಿಂದೆಯೇ ಒಳಗೆ ನುಗ್ಗಲು ಬಂದೆ. "ಹೆಣ್ಮಕ್ಕಳು ಇಲ್ಲಿ ಕಾಲಿಡಬಾರ್ದು, ಬೆಂಕಿ ದೇವ್ರು ಸಿಟ್ಟಾಗ್ತಾನೆ!" ಎಂದು ನೀನು ಆವಿಗೆ ಮನೆಯ ಆ ಭಾರದ ಜಾರುಬಾಗಿಲನ್ನು ದಬ್ಬಿದೆ. ಕಂಬಕ್ಕೂ ಬಾಗಿಲಿಗೂ ನಡುವೆ ನನ್ನ ಎಡಗೈ ಹೆಬ್ಬೆರಳಿತ್ತು. ಉಗುರು ಉದುರಿತು, ಮತ್ತೆ ಬಂದದ್ದು ನಡುವೆ ಸೀಳಿಕೊಂಡೇ ಬಂತು. ಮೂವತ್ತಾರು ವರ್ಷವಾಯಿತು, ಇನ್ನೂ ಹಾಗೇ ಇದೆ. ಅಮ್ಮ ಅರಿಸಿನದ ಬಣ್ಣದ ಮುಲಾಮು ಹಚ್ಚುತ್ತ "ಅಣ್ಣನ ಮೇಲೆ ದೂರು ಹೇಳ್ಬೇಡ, ಅವನು ಮನೆತನ ನಡೆಸೋನು" ಎಂದಿದ್ದಳು. ನಾನು ಹೇಳಲಿಲ್ಲ.

ಅಪ್ಪ ತೀರಿಕೊಳ್ಳುವ ಹದಿನಾರು ವರ್ಷ ಮುಂಚೆಯೇ ಅವನ ಕೈ ನಡುಗತೊಡಗಿತ್ತು. ಅಲ್ಲಿಯವರೆಗೆ ಲೇಪ ಅರೆಯುವುದಷ್ಟೇ ನನ್ನ ಪಾಲಿನ ಕೆಲಸ. ಒಂದು ಬೆಳಿಗ್ಗೆ ಅಪ್ಪ ಕಿಟಕಿ ಮುಚ್ಚಿ ನನ್ನನ್ನು ತಿಗರಿಯ ಮುಂದೆ ಕೂರಿಸಿ ಹೇಳಿದ: "ಯಾರಿಗೂ ಬಾಯಿಬಿಡ್ಬೇಡ ಕಣೆ. ಮಣ್ಣಿಗೆ ಹೆಸರು ಬೇಕಾಗಿಲ್ಲ, ಪೆಟ್ಟಿಗೆಗೆ ಬೇಕು." ಅಂದಿನಿಂದ ನಾನು ಮಾಡುವುದು, ಅಪ್ಪ ಪೆಟ್ಟಿಗೆಯ ಮುಚ್ಚಳದ ಮೇಲೆ ಹೆಸರು ಬರೆದು ಮುದ್ರೆ ಒತ್ತುವುದು. ಬರೆಯುವಾಗ ಕುಂಚ ನಡುಗಿದರೆ ಜನ ಅದನ್ನೂ ಹಿರಿಯರ ಶೈಲಿ ಎಂದರು. ಹೊಸ ವರ್ಷಕ್ಕೆ ನೀನು ಬಂದಾಗ ನಾನು ಕೈ ತೊಳೆದು ಅಡುಗೆಮನೆ ಸೇರುತ್ತಿದ್ದೆ. ನನ್ನ ಉಗುರ ಸಂದಿಯಲ್ಲಿ ಮಣ್ಣಿರುತ್ತಿತ್ತು, ಅದೇ ಕೈಯಿಂದ ನಿನಗೆ ಬಡಿಸುತ್ತಿದ್ದೆ.

ಚಿದೋರಿ ಹಕ್ಕಿಯ ಹೆಸರಿನ ಈ ಧೂಪದ ಬಟ್ಟಲು ನಿನಗೆ ಗೊತ್ತಿರುವುದೇ. ಕಡಲಂಚಿನ ಹಕ್ಕಿ ಕಾಲೆತ್ತಿ ನಿಂತ ಹಾಗೆ ಅದರ ಮೂರು ಕಾಲೂ ನೆಲಕ್ಕೆ ತಾಗದೆ ಅಕ್ಕಿಕಾಳಿನಷ್ಟು ಮೇಲೆ ನಿಲ್ಲಬೇಕು, ಭಾರವೆಲ್ಲ ಬುಡದ ಬಳೆಯ ಮೇಲೆ. ಧೂಪವನ್ನು ನಾವು ಮೂಸುವುದಿಲ್ಲ, ಕೇಳುತ್ತೇವೆ. ಕೇಳುವಾಗ ಯಾವ ಕಾಲು ಮುಂದಿರಬೇಕೋ ಅದು ಕೇಳುವ ಕಾಲು. ಅದರ ಅಡಿಗೆ ಏನೂ ತಾಗುವುದಿಲ್ಲ, ಯಾರೂ ನೋಡುವುದಿಲ್ಲ. ಮೊದಲ ಬಟ್ಟಲು ಮಾಡಿದ ದಿನ ಮಣ್ಣು ಇನ್ನೂ ಹಸಿಯಿದ್ದಾಗ ಅಲ್ಲಿ ನನ್ನ ಎಡ ಹೆಬ್ಬೆರಳ ಉಗುರೊತ್ತಿದೆ. ನಾಲ್ಕು ಸಲ ಲೇಪ ಕೊಟ್ಟು ಸುಟ್ಟಾಗ ಆ ಕುಳಿಯಲ್ಲಿ ಹಸಿರು ತುಂಬಿ ಅರ್ಧಚಂದ್ರನಾಯಿತು, ನಡುವೆ ಒಂದು ಸೀಳು. ಆಮೇಲೆ ಒಂದನ್ನೂ ಬಿಡಲಿಲ್ಲ. ನನ್ನ ಸಿಟ್ಟೆಲ್ಲ ಅಷ್ಟೇ ಅಗಲದ್ದಾಗಿತ್ತು.

ಆರು ವರ್ಷದ ಹಿಂದೆ ನೀನು ಅದನ್ನು ಕಂಡುಹಿಡಿದೆ! ಪತ್ರಿಕೆಯಲ್ಲಿ ನಾಲ್ಕು ಪುಟ ಬರೆದೆ: ಎಪ್ಪತ್ತು ದಾಟಿದ ಗುರು ತನ್ನ ಹಕ್ಕಿಗಾಗಿ ಕಾಲಡಿಯಲ್ಲಿ ಬಚ್ಚಿಟ್ಟ ಚಂದ್ರ, ಅದರ ಮೇಲೆ ಹಾದುಹೋಗುವ ಎಳೆ ಮೋಡ. ಮೋಡವಂತೆ, ಅಣ್ಣ! ಆ ಮೋಡ ನಿನ್ನ ಕೈಯಾರೆ ಆದದ್ದು. ಅಪ್ಪ ಅದನ್ನು ಎರಡು ಸಲ ಓದಿ ಮಡಚಿಟ್ಟು, "ನಿಮ್ಮಣ್ಣ ಚೆನ್ನಾಗಿ ಬರೀತಾನೆ. ಅನ್ನ ಆರ್ತಿದೆ, ಊಟ ಮಾಡು" ಎಂದ. ಅಂದಿನಿಂದ ಕೊಳ್ಳುವವರು ಮೊದಲು ಬಟ್ಟಲನ್ನು ಬೋರಲು ಹಾಕಿ ನೋಡುವುದು ರೂಢಿಯಾಯಿತು. ಚಂದ್ರನಿದ್ದರೆ ಸುಯಿಗನ್, ಇಲ್ಲದಿದ್ದರೆ ಅಲ್ಲ.

ಹೊರಗಿನವರಲ್ಲಿ ನಿಜ ತಿಳಿದದ್ದು ಒಬ್ಬರಿಗೇ. ಧೂಪದ ಪಾಠ ಹೇಳುವ ಹಿಸಾನೊ ಅಮ್ಮ ಒಮ್ಮೆ ಬಟ್ಟಲನ್ನು ಎಡ ಅಂಗೈ ಮೇಲಿಟ್ಟುಕೊಂಡು, ಬಲಗೈಯಿಂದ ಮುಚ್ಚಿ ಮೂರು ಉಸಿರು ಧೂಪ ಕೇಳಿದರು. ಆಮೇಲೆ ನನ್ನ ಕಡೆ ತಿರುಗಿ, "ಗಂಡಸ್ರು ಬಟ್ಟಲನ್ನ ನೋಡೋಕೆ ಮಾಡ್ತಾರೆ ಕಣೆ. ಇದು ಹಿಡ್ಕೊಳ್ಳೋಕೆ ಮಾಡಿದ್ದು. ನಿಂದಲ್ವಾ?" ಎಂದರು. ನಾನು ಟೀ ತರುವ ನೆಪದಲ್ಲಿ ಎದ್ದುಹೋದೆ.

ಇನ್ನೊಂದು ವಿಷಯ. ತೀರಿಕೊಳ್ಳುವ ಎರಡು ತಿಂಗಳ ಮುಂಚೆ ಅಪ್ಪ ನನ್ನನ್ನು ಔಷಧಿಗೆಂದು ಪೇಟೆಗೆ ಅಟ್ಟಿ, ತಾನೇ ತಿಗರಿಗೆ ಕೂತು ಒಂದು ಬಟ್ಟಲು ಮಾಡಿದ್ದ. ಅದು ಸಿಕ್ಕಿದ್ದು ಹೋದ ವಾರ, ಅಪ್ಪನ ಕಪಾಟಿನಲ್ಲಿ. ಅಂಚು ವಾಲಿದೆ, ಒಂದು ಕಾಲು ನೆಲಕ್ಕೆ ತಾಗುತ್ತದೆ, ಬಣ್ಣ ಮಾತ್ರ ಮಳೆ ನಿಂತ ಆಕಾಶದ್ದು. ಬೋರಲು ಹಾಕಿದೆ. ಕೇಳುವ ಕಾಲಿನಡಿ ಅಪ್ಪನ ಅಗಲ ಉಗುರಿನ ಇಡೀ ಅರ್ಧಚಂದ್ರ, ಅದರ ಮೇಲೆ ಸೂಜಿಯಿಂದ ನಡುಗುತ್ತ ಎಳೆದ ಒಂದು ಗೀರು. ಅಂದರೆ ಆ ಚಂದ್ರ ನನ್ನ ಸೀಳಿದ ಉಗುರಿನದೆಂದು ಅಪ್ಪನಿಗೆ ಗೊತ್ತಿತ್ತು. ತನಗೆ ಎಲ್ಲ ಗೊತ್ತೆಂದು ಹೀಗೆ ನನಗೆ ಹೇಳಿ ಹೋದನೆಂದು ನಂಬಿ ಒಂದು ಇಡೀ ದಿನ ಅತ್ತೆ. ಮರುದಿನ ಅದಿದ್ದ ಪೆಟ್ಟಿಗೆಯ ಮುಚ್ಚಳ ನೋಡಿದೆ. ಎಂಟನೆಯ ಸುಯಿಗನ್, ಕೆಂಪು ಮುದ್ರೆ. ತನ್ನ ಕೈಯಾರೆ ಮಾಡಿದ್ದನ್ನು ತನ್ನದೆಂದು ನಂಬಿಸಲು ಅವನಿಗೆ ನನ್ನ ಒಡೆದ ಉಗುರು ಬೇಕಾಯಿತು, ಹೆಸರು ಮಾತ್ರ ಬೇಡವಾಯಿತು. ಗೊತ್ತಿಲ್ಲದೆ ಮಾಡಿದ್ದರೆ ಕ್ಷಮಿಸುತ್ತಿದ್ದೆ.

ಆ ಬಟ್ಟಲನ್ನು ಈ ಪತ್ರದ ಜೊತೆ ಕಳಿಸಿದ್ದೇನೆ. ಅಪ್ಪ ನಿನಗೆ ಬಿಟ್ಟುಹೋದದ್ದು ಅಷ್ಟೇ. ಚಳಿ ಶುರುವಾಯಿತು, ಹೊಟ್ಟೆಗೆ ಉಣ್ಣೆಯ ಪಟ್ಟಿ ಸುತ್ತಿಕೊಂಡು ಮಲಗು. ಅತ್ತಿಗೆಗೂ ಮಕ್ಕಳಿಗೂ ನನ್ನ ನೆನಪು ಹೇಳು. ನನಗಿಂತ ದೊಡ್ಡವನನ್ನು ನಾನು ಹರಸುವ ಹಾಗಿಲ್ಲ, ಆದರೂ ನೀನು ಚೆನ್ನಾಗಿರು.

ನಿನ್ನ ತಂಗಿ
ಶಿಗೆನೊ

ತಾ.ಕ.: ಅಂಚೆಯವನು ಬಾಗಿಲಲ್ಲಿ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಸಹಿಯ ಪಕ್ಕದಲ್ಲಿ ಮಸಿ ಹಚ್ಚಿ ಎಡ ಹೆಬ್ಬೆರಳ ಉಗುರೊತ್ತಿದ್ದೇನೆ, ನಿನ್ನ ಲೇಖನದ ಚಿತ್ರದ ಜೊತೆ ಇಟ್ಟು ನೋಡು. ಆ ಹನ್ನೆರಡನ್ನು ನಾನು ಮಾಡುವುದಿಲ್ಲ. ಇನ್ನು ಮುಂದೆ ನಾನು ಮಾಡುವುದರ ಪೆಟ್ಟಿಗೆಯ ಮೇಲೆ ಶಿಗೆನೊ ಎಂದೇ ಹೆಸರು. ನಿನಗೆ ಬೇಕಾದದ್ದನ್ನು ನೀನೇ ಬಂದು ಮಾಡಿಕೊ, ತಿಗರಿ ಖಾಲಿ ಮಾಡಿಕೊಡುತ್ತೇನೆ. ಚಂದ್ರ ಬೇಕೇಬೇಕೆಂದರೆ ಆವಿಗೆ ಮನೆಯ ಆ ಬಾಗಿಲು ಇನ್ನೂ ಅಲ್ಲೇ ಇದೆ. ಕಂಬಕ್ಕೆ ಹೆಬ್ಬೆರಳು ಇಟ್ಟುಕೊ, ದಬ್ಬಲು ನಾನಿದ್ದೇನೆ.